ಜಗಲಿಯ ಮೊಳೆಯಲ್ಲಿದ್ದ ಜೋಡಿ ಕಾಯಿ

ಪೂರ್ತಿ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಒಳಗಿನ ಕೊಬ್ಬರಿ ಗಡಗಡ ಉರುಳುವ ಸದ್ದು ಕೇಳಿಸುತ್ತದೆ. ಮೊನ್ನೆ ಮಡಂತ್ಯಾರಿನ ಅಂಗಡಿಯೊಂದರಲ್ಲಿ ಕಾಯಿ ಆರಿಸುತ್ತಿದ್ದಾಗ ಆ ಸದ್ದು ಕೇಳಿ ಸುಮ್ಮನೆ ನಿಂತುಬಿಟ್ಟೆ. ಅಂಗಡಿಯವನು "ಅದು ಬೇಡ ಅಕ್ಕ, ಒಣಗಿದ್ದು. ಬೇರೆ ಕೊಡ್ತೇನೆ" ಎಂದ. ನನಗೆ ಅದೇ ಬೇಕಿತ್ತು. ತೋಡಾರಿನ ನನ್ನ ಮನೆಗೆ ಬರುವವರೆಗೂ ಬಸ್ಸಿನಲ್ಲಿ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಬಸ್ಸು ಕುಲುಕಿದಾಗಲೆಲ್ಲ ಅದು ಒಳಗೊಳಗೇ ಮಾತಾಡುತ್ತಿತ್ತು. ಮನೆಯಲ್ಲಿ ತಮ್ಮನ ಮಗಳು ಶ್ರಾವ್ಯ ಬಂದು ಕೂತಿದ್ದಳು. ಕಾಲೇಜಿಗೆ ಏನೋ ವಿಡಿಯೋ ಮಾಡಬೇಕಂತೆ. "ಅತ್ತೆ, ಕೆರೆಯ ಊರಲ್ಲಿ ಇರುವವರು ಒಮ್ಮೆಯಾದ್ರೂ ಮಾಡ್ಲೇಬೇಕಾದ್ದು ಏನೇನು ಉಂಟು, ಹೇಳಿ" ಎಂದು ಫೋನನ್ನು ನನ್ನ ಮುಖದ ಎದುರು ಹಿಡಿದಳು. ನನ್ನ ಕೈಯಲ್ಲಿ ಕಾಯಿ ಇತ್ತು. ಹೇಳುವುದು ಎಲ್ಲಿಂದ ಎಂದು ತಿಳಿಯದೆ ನಾನು ಮೊದಲು ಚಾ ಮಾಡಲು ಒಳಗೆ ಹೋದೆ.

ಮೂಡುಬಿದಿರೆಯಲ್ಲಿ ಹದಿನೆಂಟು ಕೆರೆಗಳೆಂದು ಹೇಳುವ ವಾಡಿಕೆ. ಅದರಲ್ಲೊಂದರ ದಡದಲ್ಲಿ ಅಮ್ಮನ ತವರುಮನೆಯಿತ್ತು. ಅಪ್ಪ ಬಹರೈನಿನಲ್ಲಿ ಕೆಲಸದಲ್ಲಿದ್ದುದರಿಂದ ನಾನು, ತಮ್ಮ, ಅಮ್ಮ ಅಲ್ಲೇ ಇದ್ದೆವು. ಮನೆಯ ಯಜಮಾನಿ ಅಜ್ಜಿ. ಯಜಮಾನನಂತೆ ಮಾತಾಡುವವರು ಮಾತ್ರ ಅಮ್ಮನ ಅಣ್ಣ, ನಮ್ಮ ಮಾವ. ಅವರಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಚಿಕ್ಕದೊಂದು ಹೋಟೆಲಿತ್ತು. ಯಾರೇ ನೆಂಟರು ಬಂದರೂ ಕೆರೆಯನ್ನು ತಾವೇ ತೋಡಿಸಿದವರ ಹಾಗೆ ಅವರನ್ನು ಮೆಟ್ಟಿಲಿಗೆ ಕರೆದೊಯ್ಯುವುದು ಮಾವನ ಖಯಾಲಿ. ಕೊನೆಯ ಮೆಟ್ಟಿಲಲ್ಲಿ ಕೂತು ಪಾದ ನೀರಿಗಿಟ್ಟು ಅಲುಗಾಡದೆ ಇರಬೇಕು, ಸಣ್ಣ ಮೀನುಗಳು ಬಂದು ಬೆರಳಿನ ಸಂದು ಕಚ್ಚುವವರೆಗೆ. ಹೋಟೆಲಿನಿಂದ ಪೇಪರಿನಲ್ಲಿ ಕಟ್ಟಿ ತಂದ ಬಿಸಿ ಗೋಳಿಬಜೆಯನ್ನು ಅಲ್ಲೇ ತಿನ್ನಬೇಕು, ಮನೆಗೆ ತಂದರೆ ಅದರ ರುಚಿ ಹೋಯಿತೆಂದೇ ಲೆಕ್ಕ. ಸಂಜೆ ಬಸದಿಯ ಕಡೆಯಿಂದ ಬಾವಲಿಗಳು ಹೊರಟು ನೀರಿನ ಮೇಲೆ ಹಾದುಹೋಗುವುದನ್ನು ನೋಡಬೇಕು. ಪಕ್ಕದ ಮನೆಯ ಜೈನರ ಅಜ್ಜ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ನಮ್ಮ ಒಲೆಗೆ ಇನ್ನೂ ಬೆಂಕಿ ಬೀಳುವ ಹೊತ್ತಿಗೆ ಮೆಟ್ಟಿಲಿಗೆ ಬಂದು ಕೂರುತ್ತಿದ್ದರು. ಸಂಜೆಯನ್ನು ಇಡಿಯಾಗಿ ಅನುಭವಿಸುವುದು ಅವರೊಬ್ಬರೇ ಎಂದು ಮಾವನಿಗೆ ಒಳಗೊಳಗೇ ಹೊಟ್ಟೆಕಿಚ್ಚು.

ಆದರೆ ಇವೆಲ್ಲ ನೆಂಟರಿಗೆ. ಮನೆಯವರಿಗೆ ಇದ್ದದ್ದು ಜೋಡಿ ಕಾಯಿ. ಜಗಲಿಯ ಗೋಡೆಯ ಮೊಳೆಯಲ್ಲಿ ಎರಡು ಒಣ ತೆಂಗಿನಕಾಯಿಗಳನ್ನು ತೆಂಗಿನ ನಾರಿನ ಹಗ್ಗದಿಂದ ಕಟ್ಟಿ ತೂಗುಹಾಕಿದ್ದರು. ಹಗ್ಗವನ್ನು ಹೊಟ್ಟೆಯಡಿಗೆ ತಂದು, ಕಾಯಿಗಳನ್ನು ಬೆನ್ನಿನ ಆಚೀಚೆ ಮಾಡಿ ನೀರಿಗೆ ಬಿಟ್ಟರೆ ಎಂಥ ಅಂಜುಬುರುಕ ಮಗುವೂ ಮುಳುಗುವುದಿಲ್ಲ. ದಸರಾ ರಜೆಯಲ್ಲಿ ಕೆರೆ ತುಂಬಿ ತಿಳಿಯಾಗಿರುವಾಗ, ಏಳು ವರ್ಷ ತುಂಬಿದ ಮಗುವಿಗೆ ಈ ಕಾಯಿ ಕಟ್ಟಿ ಈಜು ಕಲಿಸುವುದು ಮನೆಯ ಪದ್ಧತಿ. ಮಾವನ ಅಜ್ಜನೂ ಇದೇ ಕಾಯಿ ಕಟ್ಟಿಕೊಂಡು ಕಲಿತದ್ದಂತೆ. ಮಾವ ಅದನ್ನು ಹೇಳುವಾಗ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಆ ವರ್ಷ ಸರದಿ ನನ್ನದು. ಬೇಸಗೆಯಿಂದಲೇ ನಾನು ದಿನಾ ಆ ಕಾಯಿಗಳನ್ನು ಮುಟ್ಟಿ ಅಲುಗಿಸಿ ಸದ್ದು ಕೇಳಿ ಶಾಲೆಗೆ ಹೋಗುತ್ತಿದ್ದೆ. ಅದೇ ಬೇಸಗೆಯಲ್ಲಿ ಮಾವನಿಗೆ ಮದುವೆಯಾಗಿ ಮಾಮಿ ಮನೆಗೆ ಬಂದರು. ಅವರದು ಕಕ್ಕಿಂಜೆ, ಘಟ್ಟದ ಬುಡ, ಮನೆಯ ಹಿಂದೆಯೇ ಹರಿಯುವ ಹೊಳೆ. ಕೆರೆಯನ್ನು ಮೊದಲ ಸಲ ನೋಡಿ ಅವರು ಹೇಳಿದ್ದು ಒಂದೇ ಮಾತು: "ಇದು ಎಲ್ಲಿಗೂ ಹೋಗುದಿಲ್ವಾ?" ಮಾವನಿಗೆ ಅದು ಚುಚ್ಚಿತು. ಆಮೇಲೆ ತಿಂಗಳುಗಟ್ಟಲೆ ಮಾಮಿ ಮೆಟ್ಟಿಲಿಗೆ ಇಳಿಯಲಿಲ್ಲ. ಸಂಜೆ ಹಿತ್ತಿಲ ಬಾಗಿಲಲ್ಲಿ ನಿಂತು ಘಟ್ಟದ ದಿಕ್ಕು ನೋಡುತ್ತಿದ್ದರು. ಇವರು ಇಲ್ಲಿ ನಿಲ್ಲುವವರಲ್ಲ ಎಂದು ನನಗೂ ಅನಿಸಿತ್ತು.

ದಸರಾಕ್ಕೆ ಇನ್ನು ಕೆಲವೇ ದಿನವಿತ್ತು. ಅಜ್ಜಿ ಅಮ್ಮನನ್ನು ಕರೆದುಕೊಂಡು ಮಡಂತ್ಯಾರಿಗೆ ನೆಂಟರ ಮನೆಗೆ ಹೋಗಿದ್ದರು. ಆ ದಿನವೇ ಬಂಟ್ವಾಳದಿಂದ ಮಾವನ ಇಬ್ಬರು ಸ್ನೇಹಿತರು ಹೇಳದೆ ಕೇಳದೆ ಊಟಕ್ಕೆ ಬಂದರು. ಕೋಳಿ ಸಾರು ಮಾಡಲು ಅಡುಗೆಮನೆಯಲ್ಲಿ ಒಂದೇ ಒಂದು ಕಾಯಿಯೂ ಇರಲಿಲ್ಲ. ಮಾಮಿಯ ತವರಿನಲ್ಲಿ ಕೊಬ್ಬರಿಗೆಂದು ಕಾಯಿಯನ್ನು ಹೀಗೇ ಕಟ್ಟಿ ತೂಗುಹಾಕುತ್ತಿದ್ದರಂತೆ. ಇದು ಈಜಿನ ಕಾಯಿಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರು ಜಗಲಿಗೆ ಬಂದರು, ಕಾಯಿ ಅಲುಗಿಸಿ ನೋಡಿದರು, ಇಳಿಸಿಕೊಂಡು ಹೋದರು. ನಾನು ಶಾಲೆಯಿಂದ ಬಂದದ್ದು ಅದರ ನಂತರ. ಅಡುಗೆಮನೆಯಲ್ಲಿ ಅವರು ಕೈಗೆ ಕೊಟ್ಟ ಕೊಬ್ಬರಿ ತುಂಡನ್ನು, ಅದು ಯಾವುದೆಂದು ತಿಳಿಯದೆ ಜಗಿದೆ. ಸಕ್ಕರೆಯಂತೆ ಸಿಹಿಯಾಗಿತ್ತು. ಮಾವ ಎರಡೆರಡು ಸಲ ಸಾರು ಹಾಕಿಸಿಕೊಂಡು ಉಂಡು, ತೇಗಿ, ಸ್ನೇಹಿತರಿಗೆ ಅಜ್ಜನ ಕಾಯಿ ತೋರಿಸಲೆಂದು ಜಗಲಿಗೆ ಬಂದರು. ಮೊಳೆ ಖಾಲಿ. "ಇಲ್ಲಿದ್ದ ಕಾಯಿ ಎಲ್ಲಿ?" ಎಂದು ಕೇಳಿದರು. ಮಾಮಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು, "ನೀವು ಈಗ ಉಂಡದ್ದು ಅದೇ ಅಲ್ವಾ" ಎಂದರು.

ಮಾವ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆರಾಮಕುರ್ಚಿಯಲ್ಲಿ ಕೂತು ಖಾಲಿ ಮೊಳೆಯನ್ನೇ ನೋಡುತ್ತ, "ನನ್ನ ಅಜ್ಜನ ಕಾಲದ್ದು" ಎಂದಷ್ಟೇ ಹೇಳಿದರು. ಸ್ನೇಹಿತರು ಚಪ್ಪಲಿ ಹುಡುಕಿಕೊಂಡು ಹೊರಟುಹೋದರು. ನಾನು ನನ್ನ ಈಜು ಹೋಯಿತೆಂದು ಅತ್ತುಬಿಟ್ಟೆ. ಮಾಮಿ ಒಳಗೆ ಹೋಗಿ ಟ್ರಂಕಿಗೆ ಸೀರೆಗಳನ್ನು ಮಡಚಿಡತೊಡಗಿದರು. "ಬೆಳಿಗ್ಗಿನ ಬಸ್ಸಿಗೆ ಹೋಗ್ತೇನೆ ನಾನು. ಈ ಮನೆಯಲ್ಲಿ ಯಾವ್ದು ತಿನ್ಲಿಕ್ಕೆ, ಯಾವ್ದು ನೋಡ್ಲಿಕ್ಕೆ ಅಂತ ನನಗೆ ಗೊತ್ತಾಗುದಿಲ್ಲ" ಎಂದು ನನಗೆ ಹೇಳಿದರು, ಆ ಮನೆಯಲ್ಲಿ ಅವರಿಗೆ ಹೇಳಿಕೊಳ್ಳಲು ಬೇರೆ ಯಾರಿದ್ದರು?

ಸಂಜೆ ಅಜ್ಜಿ ಬಂದರು. ಮಾವ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕಾಲು ತೊಳೆದು, ನೇರವಾಗಿ ಮಾಮಿಯ ಕೋಣೆಗೆ ಹೋದರು. ನಾನು ಮಾಮಿಯ ಪಕ್ಕದಲ್ಲೇ ಇದ್ದೆ, ಮಾವ ಬಾಗಿಲಲ್ಲಿ. ಅಜ್ಜಿ ತುಂಬ ಮೆಲ್ಲಗೆ ಕೇಳಿದರು: "ಕೊಬ್ಬರಿ ಹೇಗಿತ್ತು?" ಮಾಮಿ ತಲೆಯೆತ್ತಿ ಅಜ್ಜಿಯ ಮುಖ ನೋಡಿದರು. ಸಿಹಿಯಾಗಿತ್ತು ಎಂದು ಹೇಳಲು ನಾನು ಬಾಯಿ ತೆರೆದೆ. ಮಾಮಿಯ ಕೈ ನನ್ನ ತೋಳನ್ನು ಗಟ್ಟಿಯಾಗಿ ಒತ್ತಿತು. "ಕನರು ವಾಸನೆ ಇತ್ತು ಅತ್ತೆ. ತುಂಬಾ ಹಳೇದಲ್ವಾ" ಎಂದರು. ಅಜ್ಜಿ ಮಾವನ ಕಡೆ ತಿರುಗಿ, "ಕಾಯಿ ತೆಗೆದವಳೇ ಮಗುವಿಗೆ ಈಜು ಕಲಿಸ್ಲಿ. ಮುಗೀತು" ಎಂದರು. ಟ್ರಂಕನ್ನು ಅವರೇ ಕಾಲಿನಿಂದ ಮಂಚದಡಿಗೆ ತಳ್ಳಿದರು. ಅಜ್ಜನ ಕಾಲದ ಕೊಬ್ಬರಿ ಸಿಹಿಯಾಗಿರಲು ಸಾಧ್ಯವಿಲ್ಲವೆಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ನಂತರ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಅಜ್ಜಿ ಯಾರಿಗೂ ತಿಳಿಯದ ಹಾಗೆ ಕಾಯಿ ಬದಲಿಸುತ್ತಿದ್ದರು. ಹಗ್ಗ ಮಾತ್ರ ಹಳೆಯದು. ಮಾಮಿಗೆ ಅದು ಅಜ್ಜಿ ಕೊಬ್ಬರಿ ಹೇಗಿತ್ತೆಂದು ಕೇಳಿದ ಕ್ಷಣದಲ್ಲೇ ಹೊಳೆದಿತ್ತು. ಒಂದು ಮಾತು ಹೇಳಿದ್ದರೆ ಅವರು ಗೆಲ್ಲುತ್ತಿದ್ದರು. ಅವರು ಹೇಳಲಿಲ್ಲ, ಮತ್ತು ಆ ಮನೆಯವರಾದರು.

ಮಾರನೆಯ ಬೆಳಿಗ್ಗೆ, ಗಂಡಸರು ಕೆರೆಗೆ ಇಳಿಯುವ ಮೊದಲೇ, ಮಾಮಿ ಸೀರೆಯನ್ನು ಎತ್ತಿ ಕಟ್ಟಿ ನನ್ನನ್ನು ನೀರಿಗೆ ಕರೆದೊಯ್ದರು. ಕಾಯಿಯಿಲ್ಲ, ಅವರ ಕೈ ಮಾತ್ರ. ಪಾಚಿಯ ವಾಸನೆ, ತಣ್ಣಗಿನ ಮೇಲುನೀರು, ಬೆನ್ನಿನ ಕೆಳಗೆ ಅವರ ಅಂಗೈಯ ಬಿಸಿ. "ಕೈ ಉಂಟಾ ಮಾಮಿ?" ಎಂದು ನಾನು ಕೇಳುವುದು, "ಉಂಟು ಮಾರಾಯ್ತಿ, ಉಂಟು" ಎಂದು ಅವರು ಹೇಳುವುದು. ಕೆಲವು ದಿನಗಳ ನಂತರ ಒಂದು ಬೆಳಿಗ್ಗೆ ಆ ಉಂಟು ತುಸು ದೂರದಿಂದ ಕೇಳಿಸಿತು. ಕತ್ತು ಹೊರಳಿಸಿ ನೋಡಿದರೆ ಅವರು ಮೆಟ್ಟಿಲ ಹತ್ತಿರ ನಿಂತು ನಗುತ್ತಿದ್ದರು, ನಾನು ಒಬ್ಬಳೇ ತೇಲುತ್ತಿದ್ದೆ. ಆಮೇಲೆ ಅವರೂ ಬಂದು ನನ್ನ ಪಕ್ಕದಲ್ಲಿ ಅಂಗಾತ ಮಲಗಿದರು. ಕಿವಿ ನೀರೊಳಗೆ, ಕಣ್ಣು ಆಕಾಶದಲ್ಲಿ. "ನಮ್ಮ ಹೊಳೆಯಲ್ಲಿ ಹೀಗೆ ಮಲಗಿದ್ರೆ ಬಂಟ್ವಾಳದಲ್ಲಿ ಏಳ್ಬೇಕು" ಎಂದರು ದಡಕ್ಕೆ ಬಂದ ಮೇಲೆ. ಕೆರೆಯ ಬಗ್ಗೆ ಅವರು ಆಡಿದ ಮೊದಲ ಒಳ್ಳೆಯ ಮಾತು ಅದು. ಮಾವನಿಗೆ ಹೇಳಿದೆ. ಅವರು ಆ ದಿನ ಹೋಟೆಲಿನಿಂದ ಗೋಳಿಬಜೆ ಕಟ್ಟಿಸಿ ತಂದರು.

ಹೊಸ ಜೋಡಿ ಕಾಯಿಯನ್ನು ಹಳೆಯ ಹಗ್ಗಕ್ಕೆ ಮಾಮಿಯೇ ಕಟ್ಟಿ ಮೊಳೆಗೆ ಹಾಕಿದರು. ಕೆಲವು ವರ್ಷ ಕಳೆದ ಮೇಲೆ ಮಾವ ಮತ್ತೆ ಗಂಟಲು ಸರಿಮಾಡಿಕೊಂಡು, ಇದು ನನ್ನ ಅಜ್ಜನ ಕಾಲದ್ದೆಂದು ನೆಂಟರಿಗೆ ಹೇಳತೊಡಗಿದರು. ಮಾಮಿ ಚಾ ತಂದಿಟ್ಟು ನನ್ನತ್ತ ನೋಡದೆ ಒಳಗೆ ಹೋಗುತ್ತಿದ್ದರು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದಿರಬಹುದು, ಎಲ್ಲರೂ ಹಳೆಯದೆಂದು ನಂಬಿದ್ದು, ಯಾರೋ ಒಬ್ಬರು ಸದ್ದಿಲ್ಲದೆ ಹೊಸದು ಮಾಡುತ್ತಿದ್ದದ್ದು. ಆ ಒಬ್ಬರು ಹೋದ ಮೇಲೆಯೇ ಅದು ನಿಜವಾಗಿ ಹಳತಾಗುವುದು. ಅಜ್ಜಿ ಹೋದರು, ಅಮ್ಮ ಹೋದರು, ಮಾವನೂ ಹೋದರು. ಪಾಲಾಗಿ ಮನೆ ಮಾರಾಟವಾಯಿತು. ಆ ಜಾಗದಲ್ಲೀಗ ಪಕ್ಕದ ಮದುವೆ ಹಾಲ್‌ಗೆ ಬಂದವರ ಕಾರುಗಳು ನಿಲ್ಲುತ್ತವೆ. ಮಕ್ಕಳಿಲ್ಲದ ಮಾಮಿ ತೋಡಾರಿಗೆ, ನನ್ನ ಮನೆಗೆ ಬಂದರು. ಬರುವಾಗ ಆ ನಾರಿನ ಹಗ್ಗವನ್ನು ಪೇಪರಿನಲ್ಲಿ ಸುತ್ತಿ ತಂದಿದ್ದರು. ಹತ್ತು ನಿಮಿಷದ ದಾರಿಯಾದರೂ ನಾವಿಬ್ಬರೂ ಮತ್ತೆ ಆ ಕೆರೆಗೆ ಹೋಗಲಿಲ್ಲ.

ಚಾ ಕುಡಿದು ಶ್ರಾವ್ಯಳಿಗೆ ಮೀನು, ಗೋಳಿಬಜೆ, ಬಾವಲಿ ಎಲ್ಲ ಹೇಳಿದೆ. ಕೆರೆಯ ನಡುವೆ ಅಂಗಾತ ಮಲಗಬೇಕೆಂದೂ ಹೇಳಿದೆ. "ಅಲ್ಲಿ ಈಗ ಬೇಲಿ ಉಂಟು ಅತ್ತೆ, ಇಳೀಬಾರ್ದು ಅಂತ ಬೋರ್ಡೂ ಉಂಟು" ಎಂದಳು. ಇರಲಿ. ಅವಳು ಹೋದ ಮೇಲೆ ಪೆಟ್ಟಿಗೆಯಿಂದ ಹಗ್ಗ ತೆಗೆದು ಆ ಒಣ ಕಾಯಿಗೆ ಕಟ್ಟಿ, ಮಾಮಿ ಮಲಗುತ್ತಿದ್ದ ಕೋಣೆಯ ಮೊಳೆಗೆ ಹಾಕಿದೆ. ಕಳೆದ ವರ್ಷ ಇದೇ ಕೋಣೆಯಲ್ಲಿ ಅವರು ಹಾಸಿಗೆ ಹಿಡಿದಿದ್ದರು. ಒಂದು ಬೆಳಿಗ್ಗೆ ಬೆನ್ನು ಒರೆಸಲೆಂದು ಅವರ ಅಡಿಗೆ ಕೈ ಕೊಟ್ಟು ಎತ್ತಿದ್ದೆ. ಮೈಯಲ್ಲಿ ಭಾರವೇ ಇರಲಿಲ್ಲ. ಅವರು ಕಣ್ಣು ತೆರೆಯದೆ, "ಕೈ ಉಂಟಾ?" ಎಂದು ಕೇಳಿದರು. ಉಂಟು ಮಾಮಿ, ಎಂದೆ. ಅವರ ಮುಖ ಸಡಿಲವಾಯಿತು. ಉಸಿರು ನಿಂತದ್ದು ನನಗೆ ಗೊತ್ತಾಯಿತು, ಆದರೂ ನಾನು ಕೈ ತೆಗೆಯಲಿಲ್ಲ. ಉಂಟು, ಉಂಟು ಎನ್ನುತ್ತಲೇ ಇದ್ದೆ.