ಅಳತೆಗೆ ಕೊಟ್ಟ ಹಾಯಿ

ದೇವೀಂದ್ರಪ್ಪನ ದೋಣಿಗೆ ಹೊಸಬರು ಯಾರೇ ಹತ್ತಲಿ, ದಂಡೆ ಬಿಟ್ಟು ಸ್ವಲ್ಪ ದೂರ ಹೋಗುವುದರೊಳಗೆ ತಲೆಯೆತ್ತಿ ಹಾಯಿಯ ಹೊಲಿಗೆ ನೋಡಿ ಒಂದೇ ಮಾತು ಕೇಳುತ್ತಿದ್ದರು: "ಈ ಹಾಯಿ ಯಾರ್ ಹೊಲದಾರ್ರಿ?"

ಅವನು ಅದಕ್ಕಾಗಿಯೇ ಕಾದು ಕುಳಿತವನು. ಆದರೂ ಕೇಳಿಸದವನ ಹಾಗೆ ನೀರಿನ ಕಡೆ ನೋಡುತ್ತ, "ನಮ್ಮಾಕಿ" ಎನ್ನುತ್ತಿದ್ದ. ಹೆಂಡತಿಯ ಹೆಸರು ಬಾಳಮ್ಮ. ಆ ಹೆಸರನ್ನು ನಾಲ್ಕು ಜನರ ಮುಂದೆ ಅವನು ಒಮ್ಮೆಯೂ ಬಾಯಿಬಿಟ್ಟು ಹೇಳಿದವನಲ್ಲ. ಬಾಳಮ್ಮ ತೀರಿಕೊಂಡ ಮೇಲೂ ಕೇಳಿದವರಿಗೆ ಅದೇ ಉತ್ತರ ಕೊಡುತ್ತಿದ್ದ. ಕೇಳಿದವರು, ಆಕೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕುಳಿತಿದ್ದಾಳೆ ಎಂದೇ ತಿಳಿದು ದೋಣಿ ಇಳಿದು ಹೋಗುತ್ತಿದ್ದರು. ಅವನಿಗೂ ಅದೇ ಬೇಕಾಗಿತ್ತು.

ಊರು ಕರಜಗಿಯ ಆಚೆ, ಭೀಮಾ ದಂಡೆಯ ಮೇಲೆ. ಕೆಳಗಡೆ ಒಡ್ಡು ಕಟ್ಟಿ ನೀರು ನಿಲ್ಲಿಸಿದ ಮೇಲೆ ಹೊಳೆ ಕೆರೆಯಷ್ಟು ಅಗಲವಾಗಿ, ಎಷ್ಟೋ ಜನರ ಹೊಲ ಆಚೆ ದಂಡೆಯ ಪಾಲಾದವು. ಸುತ್ತಿ ಬಳಸಿ ಹೋಗುವುದಕ್ಕಿಂತ ದೋಣಿಯೇ ಲೇಸು. ಆಳು, ಆಡು, ಬುತ್ತಿ, ತೊಗರಿ ಚೀಲ ಎಲ್ಲವನ್ನೂ ದೇವೀಂದ್ರಪ್ಪ ಹುಟ್ಟು ಹಾಕಿಯೇ ದಾಟಿಸುತ್ತಿದ್ದ. ಸಂಜೆ ಬಾಳಮ್ಮ ಅವನ ಭುಜಕ್ಕೆ ಎಣ್ಣೆ ತಿಕ್ಕುತ್ತ ಬಯ್ಯುತ್ತಿದ್ದಳು.

"ದಿನಾ ಇಷ್ಟ್ ಗಾಳಿ ಬೀಸತದ. ಅದೇನ್ ಸುಮ್ಮ ತಿರುಗಲಿಕ್ಕೆ ಬಂದದೇನು? ಅದರ ಕೈಲೆ ದುಡಸ್ರಿ."

ಬೈದು ಸುಮ್ಮನಾಗುವ ಹೆಂಗಸಲ್ಲ. ಮನೆಮನೆ ತಿರುಗಿ ಹಳೆ ಧೋತರ, ಹಳೆ ಸೀರೆ ಕೇಳಿ ತಂದು ಹಾಯಿ ಹೊಲಿದಳು. ಮೊದಲನೆಯದು ಕೆಟ್ಟಿತು. ಚಾದರದಂತೆ ಚಪ್ಪಟೆಯಾಗಿ ಪಟಪಟ ಬಡಿದುಕೊಂಡಿತೇ ಹೊರತು ದೋಣಿಯನ್ನು ಎಳೆಯಲಿಲ್ಲ. ಊರೆಲ್ಲ ನಕ್ಕಿತು. ಬಾಳಮ್ಮ ಅದನ್ನು ಬಿಚ್ಚಿ ಕುಬಸ ಹೊಲಿಯುವ ಬುದ್ಧಿ ಓಡಿಸಿದಳು. ಬಟ್ಟೆಯ ಪಟ್ಟಿಗಳ ಅಂಚನ್ನು ನೆಟ್ಟಗೆ ಬಿಡದೆ ಸ್ವಲ್ಪ ಸ್ವಲ್ಪ ಬಾಗಿಸಿ ಕತ್ತರಿಸಿ ಕೂಡಿಸಿದಳು. ಈ ಸಲ ಗಾಳಿ ಬಂದಾಗ ಹಾಯಿಗೆ ಬಸುರಿಯಂತೆ ಹೊಟ್ಟೆ ಬಂತು, ದೋಣಿ ಓಡಿತು. ನಕ್ಕವರೇ ಮರುದಿನ ಮೊದಲು ಬಂದು ದೋಣಿಯಲ್ಲಿ ಕುಳಿತರು.

ಚಿಕ್ಕವಳಿದ್ದಾಗ ಕುಡುಗೋಲು ತಗಲಿ ಬಾಳಮ್ಮನ ಒಂದು ಬೆರಳು ಸೊಟ್ಟಗಾಗಿತ್ತು. ಹೀಗಾಗಿ ಅವಳ ಹೊಲಿಗೆ ಸಣ್ಣದಾದರೂ ಪ್ರತಿಯೊಂದೂ ಎಡಕ್ಕೆ ವಾಲುತ್ತಿತ್ತು. ಅವಳು ಹೋದ ಮೇಲೆ ದೇವೀಂದ್ರಪ್ಪ ಗಾಳಿಯಿಲ್ಲದ ಹೊತ್ತಿನಲ್ಲಿ ಹಾಯಿ ಇಳಿಸಿಕೊಂಡು ಆ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಕೂಡುತ್ತಿದ್ದ. ನೋಡಿದವರು ಹರಿದಿದೆಯೇನೋ ಎಂದುಕೊಳ್ಳುತ್ತಿದ್ದರು.

ಹರಿಯುವ ಕಾಲವೂ ಬಂದಿತ್ತು. ಬಿಸಿಲಿಗೆ ಬಟ್ಟೆ ಜೀರ್ಣವಾಗಿತ್ತು. ಆಷಾಢದ ಗಾಳಿಗೆ ಒಂದು ದಿನವೂ ತಡೆಯಲಾರದು ಎಂದು ಅವನಿಗೆ ಗೊತ್ತು. ಹೊಸ ಹಾಯಿ ಹೊಲಿಸಬೇಕು, ಹಳೆಯದನ್ನು ಒಂದೆಳೆ ಹರಿಯದಂತೆ ಮಡಚಿ ಟ್ರಂಕಿನಲ್ಲಿ ಇಡಬೇಕು. ಅವನ ತಲೆಯಲ್ಲಿ ಇದೊಂದೇ. ಬಾಳಮ್ಮನ ಸೀರೆಗಳನ್ನು ಅವಳ ತವರಿನವರು ಒಯ್ದಿದ್ದರು, ಒಂದು ಫೋಟೊ ಕೂಡ ಇರಲಿಲ್ಲ. ಅವಳದೆನ್ನುವುದು ಉಳಿದದ್ದು ಇದಿಷ್ಟೇ.

ಪಕ್ಕದ ಮನೆಯ ಪ್ಯಾರಿಬಿ, ಬಾಳಮ್ಮನ ಜೊತೆ ಕುಳಿತು ಸೂಜಿಗೆ ದಾರ ಪೋಣಿಸಿ ಕೊಟ್ಟವಳು, ತಾನಾಗಿಯೇ ಬಂದು ಕೇಳಿದಳು. "ಅಣ್ಣಾ, ಇದಕ್ಕs ತೇಪಿ ಹಚ್ಚಿಕೊಡ್ತೇನಿ. ಇನ್ನೊಂದೆರಡ್ ವರ್ಷ ಬರ್ತದ."

"ಬ್ಯಾಡವ್ವ. ಇದರ ಮ್ಯಾಲ ಇನ್ನೊಬ್ಬರ ಸೂಜಿ ಆಡಬಾರದು."

ಪ್ಯಾರಿಬಿಗೆ ಅದು ನಾಟಿತು. ತಾನೂ ಇನ್ನೊಬ್ಬಳೇ ಆದೆನಲ್ಲ ಎಂದು ಎದ್ದು ಹೋದಳು. ಈ ಮುದುಕನಿಗೆ ಅದು ತಿಳಿಯಲೂ ಇಲ್ಲ. ದುಃಖದಲ್ಲಿದ್ದವರಿಗೆ ಮಂದಿಯ ದುಃಖ ಎಲ್ಲಿ ಕಾಣುತ್ತದೆ.

ಹಾಯಿಯನ್ನು ಬಗಲಲ್ಲಿ ಹಿಡಿದು ಹೊಲಿಯುವವನನ್ನು ಹುಡುಕಲು ಹೊರಟ. ಜೇವರ್ಗಿಯಲ್ಲಿ ಮಳೆಗೆ ಹೊದಿಸುವ ತಾಡಪತ್ರಿ ಮಾರುವವನು ಹಾಯಿಯನ್ನು ಬಿಡಿಸಿಯೂ ನೋಡಲಿಲ್ಲ. ನೀಲಿ ತಾಡಪತ್ರಿ ತೋರಿಸಿ, "ಇದನ್ನs ಕಟ್ಟಿ ಬಿಡ್ರಿ, ಹೊಲಿಗಿ ಯಾಕ?" ಎಂದ. ಆಳಂದದಲ್ಲಿ ಲಾರಿಗಳ ಹೊದಿಕೆ ಹೊಲಿಯುವವನೊಬ್ಬನಿದ್ದ. ಕೆಲಸ ಗಟ್ಟಿ. ಆದರೆ ಮಾತಾಡುತ್ತ ಮಾತಾಡುತ್ತ ಹಾಯಿಯ ಒಂದು ಮೂಲೆಯಿಂದ ಕೈಯ ಗ್ರೀಸ್ ಒರೆಸಿಕೊಂಡ. ದೇವೀಂದ್ರಪ್ಪ ಹಾಯಿ ಕಸಿದುಕೊಂಡು ಬಸ್ ಸ್ಟ್ಯಾಂಡಿನ ನಳದ ಕೆಳಗೆ ಆ ಮೂಲೆಯನ್ನು ತೊಳೆದು, ಒಣಗುವ ತನಕ ಬಿಸಿಲಲ್ಲಿ ಹಿಡಿದುಕೊಂಡು ನಿಂತ. ಬಸ್ಸು ತಪ್ಪಿತು.

ಕಡೆಗೆ ಅಫಜಲಪುರದಲ್ಲಿ ಮುಕ್ರಮ ಸಿಕ್ಕ. ಮದುವೆಯ ಶಾಮಿಯಾನ ಹೊಲಿಯುವವನು. ಅಂಗಡಿಯ ನೆಲ ಗುಡಿಸಿ, ಚಪ್ಪಲಿ ಹೊರಗೆ ಬಿಟ್ಟು ಬಂದು ಹಾಯಿ ಹಾಸಿದ. ಮೊಣಕಾಲೂರಿ ಕುಳಿತು ಅಂಚಿನುದ್ದಕ್ಕೂ ಕೈಯಾಡಿಸಿ, ಕೇಳಬೇಕಾದ ಮಾತನ್ನೇ ಕೇಳಿದ.

"ಯಾರ್ ಹೊಲದಾರ್ರಿ ಕಾಕಾ?"

"ನಮ್ಮಾಕಿ."

"ಕಾಕೂನ ಕೈ ಬಾಳ ಛಲೋ ಅದರಿ. ಈ ಹೊಟ್ಟಿ ಹ್ಯಾಂಗ ತಂದಾರಂತ ನೋಡಾಕತ್ತೇನಿ. ಮ್ಯಾಲಿಂದ ಗೊತ್ತಾಗವಲ್ದು."

ಆ ಒಂದು ಮಾತಿಗೆ ದೇವೀಂದ್ರಪ್ಪನ ಮನಸ್ಸು ತುಂಬಿ ಬಂತು. ಇವನೇ ಸರಿ ಎಂದುಕೊಂಡ.

ನಮ್ಮ ಕಡೆ ಟೇಪು ಹಿಡಿದು ಅಳತೆ ಕೊಡುವವರು ಕಡಿಮೆ. ಕುಬಸವಾಗಲಿ ಅಂಗಿಯಾಗಲಿ, ಮೈಗೆ ಸರಿ ಕೂತ ಹಳೆಯದೊಂದನ್ನು ಅಳತೆಗೆ ಕೊಟ್ಟು "ಹಿಂಗs ಇರಲಿ" ಎಂದರೆ ಮುಗಿಯಿತು. ಹೊಸದರ ಜೊತೆ ಹಳೆಯದೂ ಮಡಚಿಕೊಂಡು ವಾಪಸು ಬರುತ್ತದೆ. ದೇವೀಂದ್ರಪ್ಪನೂ ಹಾಗೇ ಮಾಡಿದ.

"ಇದನ್ನs ಅಳತಿಗಿ ಇಟಗೊ ತಮ್ಮಾ. ಥೇಟ್ ಇದರಂಗs ಆಗಬೇಕು. ಕೂದಲೆಳಿ ಫರಕ ಬರಬಾರದು."

"ಬರಂಗಿಲ್ಲ ಕಾಕಾ. ಇದು ನನ್ನ ಜಬಾನ್."

ಮುಂದಿನ ವಾರದ ಸಂತೆಯ ದಿನ ಹೋದಾಗ ಹೊಸ ಹಾಯಿ ಸಿದ್ಧವಾಗಿತ್ತು. ಬಿಳಿ ದಪ್ಪ ಬಟ್ಟೆ. ಮುಕ್ರಮ ಅಂಗಡಿಯ ಮುಂದೆ ಅದನ್ನು ಎತ್ತಿ ಹಿಡಿದ. ಬೀದಿಯ ಗಾಳಿಗೇ ಅದಕ್ಕೆ ಹೊಟ್ಟೆ ಬಂತು, ಬಾಳಮ್ಮನ ಹಾಯಿಗೆ ಬರುತ್ತಿದ್ದ ಹಾಗೆಯೇ. ದೇವೀಂದ್ರಪ್ಪನ ಕಣ್ಣು ಹನಿಯಿತು.

"ಹಳೇದು?" ಎಂದ.

ಮುಕ್ರಮ ಹೆಮ್ಮೆಯಿಂದ ಒಂದು ಗಂಟು ತಂದು ಮುಂದಿಟ್ಟ. ಒಳಗೆ ಪಟ್ಟಿಗಳು. ಒಂದರ ಮೇಲೊಂದು, ಇಸ್ತ್ರಿ ಮಾಡಿ, ಅಂಚಿಗೆ ಅಂಚು ಕೂಡಿಸಿ ಜೋಡಿಸಿಟ್ಟ ಪಟ್ಟಿಗಳು.

"ಮ್ಯಾಲ್ಮ್ಯಾಲ ಅಳತಿ ತಗೊಂಡಿದ್ರ ಆ ಹೊಟ್ಟಿ ಬರ್ತಿದ್ದಿಲ್ಲರಿ ಕಾಕಾ. ಹಿಂಗಾಗಿ ಪೂರಾ ಬಿಚ್ಚೇನಿ. ಒಂದೂ ಹರೀಲಾರದಂಗ ಬ್ಲೇಡಿಲೆ ಸಾವಕಾಶ ಬಿಚ್ಚೇನಿ. ಒಂದೊಂದs ಪಟ್ಟಿ ಹೊಸ ಬಟ್ಟಿ ಮ್ಯಾಲ ಇಟ್ಟು ಕತ್ತರಿಸೇನಿ. ಬೇರೆಯವರಿಗೆ ಇಷ್ಟ್ ಮಾಡಂಗಿಲ್ಲ."

ದೇವೀಂದ್ರಪ್ಪ ಮೇಲಿನ ಪಟ್ಟಿಯನ್ನು ಕೈಗೆ ತೆಗೆದುಕೊಂಡ. ಯಾರದೋ ಧೋತರ. ಅದರ ಕೆಳಗಿನದು ಗೌಡರ ಮನೆಯ ಸೀರೆ. ಅಂಚಿನ ಮೇಲೆ ಬೆರಳಾಡಿಸಿದ. ನುಣ್ಣಗಿತ್ತು. ಇಸ್ತ್ರಿಗೆ ಸೂಜಿಯ ತೂತುಗಳು ಸಹ ಮುಚ್ಚಿಹೋಗಿದ್ದವು.

"ದಾರ?" ಎಂದ.

"ಯಾವ ದಾರರಿ?"

"ಬಿಚ್ಚಿದ್ದು."

"ಅದನ್ಯಾರ್ ಇಡ್ತಾರ ಕಾಕಾ? ಕಸದಾಗ ಹೋಯ್ತು."

ದೇವೀಂದ್ರಪ್ಪ ನೆಲಕ್ಕೆ ಕುಳಿತು ಮಶಿನಿನ ಕೆಳಗೆ ಕೈಹಾಕಿದ. ತುಣುಕು ದಾರಗಳು ಸಿಕ್ಕವು. ಬಾಳಮ್ಮನದು ಬಿಳಿ ದಾರ, ಮುಕ್ರಮನದೂ ಬಿಳಿಯೇ. ಯಾವುದು ಯಾರದೆಂದು ಹೇಗೆ ತಿಳಿಯಬೇಕು? ಅಂಗೈ ಮೇಲೆ ಹಿಡಿದು ಬಹಳ ಹೊತ್ತು ನೋಡಿ, ಅಲ್ಲೇ ಬಿಟ್ಟ. ಮುಕ್ರಮನಿಗೆ ಆಗ ಏನೋ ಹೊಳೆಯಿತು.

"ಕಾಕೂ ಹ್ಯಾಂಗಿದಾರ್ರಿ?" ಎಂದು ಮೆಲ್ಲಗೆ ಕೇಳಿದ. ದೇವೀಂದ್ರಪ್ಪ ತಲೆಯೆತ್ತದೆ ಪಟ್ಟಿಗಳನ್ನು ಗಂಟು ಕಟ್ಟತೊಡಗಿದಾಗ ಮೋರೆ ಸಣ್ಣದು ಮಾಡಿಕೊಂಡು ನಿಂತ. ಅವನನ್ನು ಬಯ್ಯಲು ದೇವೀಂದ್ರಪ್ಪನಿಗೆ ಬಾಯಿ ಬರಲಿಲ್ಲ. ಗ್ರೀಸ್ ಒರೆಸಿಕೊಂಡವನಿಗೆ ಕೊಟ್ಟಿದ್ದರೆ, ಕೊಳೆಯಾದರೂ ಹಾಯಿ ಉಳಿಯುತ್ತಿತ್ತು. ಹುಡುಕಿ ಹುಡುಕಿ, ಅವಳ ಕೈಯನ್ನು ಮೆಚ್ಚಿದವನಿಗೇ ತಂದು ಕೊಟ್ಟಿದ್ದ.

ಊರಿಗೆ ಬಂದ ಮೇಲೆ ಗಂಟು ನೋಡಿ ಪ್ಯಾರಿಬಿ ಹಳೆಯ ಸಿಟ್ಟು ಮರೆತಳು. "ತರ್ರಿ ಅಣ್ಣಾ, ಮತ್ತ ಕೂಡಿಸಿ ಕೊಡ್ತೇನಿ. ಹ್ಯಾಂಗಿತ್ತಂತ ನನಗ ನೆನಪದ."

"ಬಟ್ಟಿ ಊರ ಮಂದಿದವ್ವ. ಹೊಲಿಗಿ ಒಂದs ಆಕಿದಿತ್ತು," ಎಂದ ದೇವೀಂದ್ರಪ್ಪ. ಅವಳು ಗಂಟನ್ನು ಕೆಳಗಿಟ್ಟು ಬಾಗಿಲಲ್ಲೇ ಕುಳಿತು ಅತ್ತಳು. ಅವನೂ ಅತ್ತ, ಬಾಳಮ್ಮ ಸತ್ತ ದಿನಕ್ಕಿಂತ ಹೆಚ್ಚು ಅತ್ತ.

ಆಷಾಢದ ಗಾಳಿ ಬಂತು. ಹೊಸ ಹಾಯಿ ಒಂದು ದಿನವೂ ತಕರಾರು ಮಾಡಲಿಲ್ಲ. ಹೊಲಕ್ಕೆ ಹೋಗುವವರು ಹೊಗಳಿದ್ದೇ ಹೊಗಳಿದ್ದು. ಒಂದು ಬೆಳಿಗ್ಗೆ ಪ್ಯಾರಿಬಿಯ ಜೊತೆ ಅತನೂರ ಕಡೆಯ ಹೆಂಗಸೊಬ್ಬಳು ಹತ್ತಿದಳು, ಹೊಸಬಳು. ದಂಡೆ ಬಿಟ್ಟು ಸ್ವಲ್ಪ ದೂರ ಹೋಗುವುದರೊಳಗೆ ತಲೆಯೆತ್ತಿ ನೋಡಿ ಕೇಳಿದಳು.

"ಈ ಹಾಯಿ ಯಾರ್ ಹೊಲದಾರ್ರಿ?"

ಪ್ಯಾರಿಬಿ ಮುಖ ಆಚೆ ತಿರುಗಿಸಿದಳು. ದೇವೀಂದ್ರಪ್ಪನ ಬಾಯಿ ಅಭ್ಯಾಸದಂತೆ ತೆರೆಯಿತು. ಆದರೆ ಆ ಮಾತು ಹೊರಡಲಿಲ್ಲ. ಹಾಯಿಯ ಹಗ್ಗವನ್ನು ಬಿಗಿ ಹಿಡಿದ.

"ಅಫಜಲಪುರದವ ಹೊಲದಾನ್ರಿ. ಮೊದಲಿಂದು ನನ್ನ ಹೆಂಡತಿ ಹೊಲದಿದ್ದಳು. ಆಕಿ ಈಗಿಲ್ಲ," ಎಂದ. ಆಮೇಲೆ, ಅವಳು ಕೇಳದೆಯೇ, "ಬಾಳಮ್ಮಂತ ಆಕಿ ಹೆಸರು," ಎಂದ.