ಲಾವಾ ಗುಹೆಯಲ್ಲಿ ಹಿಡಿದ ಕೈ

ಕಳೆದ ವಾರ ಕೋಟದ ನಮ್ಮ ಮನೆಯ ಬಾವಿಯ ಕೆಸರು ತೆಗೆಸಿದೆವು. ಮೊದಲ ಬುಟ್ಟಿ ಮೇಲೆ ಬಂದಾಗ ಅದರ ಜೊತೆ ಒಂದು ವಾಸನೆಯೂ ಬಂತು... ಎಂದೂ ಬಿಸಿಲು ಕಾಣದ ಮಣ್ಣಿನದು, ತಣ್ಣಗಿನ ಕಬ್ಬಿಣದಂಥದ್ದು. ಕೆಲಸದವರಿಗೆ ಚಹಾ ತಂದವಳು ಅಲ್ಲೇ ನಿಂತುಬಿಟ್ಟೆ. ಆ ವಾಸನೆ ನನಗೆ ಹಿಂದೆ ಒಮ್ಮೆ ಮಾತ್ರ ಸಿಕ್ಕಿತ್ತು, ಅಣ್ಣಯ್ಯನ ಜೊತೆ ಗುಡ್ಡದ ಒಳಗೆ.

ಅಣ್ಣಯ್ಯ ನನ್ನ ಒಡಹುಟ್ಟಿದವರಲ್ಲ. ನಾವು ತೆಕ್ಕಟ್ಟೆಯಲ್ಲಿ ಬಾಡಿಗೆಗಿದ್ದಾಗ ಪಕ್ಕದ ಮನೆಯವರು. ಮುಂಬಯಿಯ ಹೋಟೆಲಿನಲ್ಲಿ ಅಡುಗೆ ಕಲಿತು, ಸರಕು ಹಡಗಿನ ಅಡುಗೆಯವರಾಗಿ ಲೋಕ ಸುತ್ತಿದವರು. ಒಂದು ಸಲ ರಜೆಗೆಂದು ಬಂದವರು ಮತ್ತೆ ಹಡಗು ಹತ್ತಲಿಲ್ಲ. ಕೋಣೆಯ ದೀಪ ಆರಿಸಲು ಬಿಡುತ್ತಿರಲಿಲ್ಲ. ಬಲಗೈಯನ್ನು ಸದಾ ಕಂಕುಳಲ್ಲಿ ಸಿಕ್ಕಿಸಿಕೊಂಡೇ ಇರುತ್ತಿದ್ದರು. ಅವರ ಹೆಂಡತಿ, ನಾನು ಅತ್ತಿಗೆ ಎನ್ನುತ್ತಿದ್ದವರು, ಆ ಕೈ ಮುಟ್ಟಿದರೂ ಅಣ್ಣಯ್ಯ ಬೆಚ್ಚಿಬೀಳುತ್ತಿದ್ದರು.

ಕಾರಣ ಹೇಳಿದ್ದು ಒಂದು ಮಧ್ಯಾಹ್ನ, ನಾನೂ ಅತ್ತಿಗೆಯೂ ಅಂಗಳದಲ್ಲಿ ಮೆಣಸು ಹರಡುತ್ತಿದ್ದಾಗ. ಹಡಗು ಯಾವುದೋ ದ್ವೀಪದಲ್ಲಿ ನಿಂತಿತ್ತಂತೆ. ಜೊತೆಯವರೊಂದಿಗೆ ಲಾವಾ ಗುಹೆ ನೋಡಲು ಹೋದರಂತೆ. ಜ್ವಾಲಾಮುಖಿಯಿಂದ ಹರಿದ ಬೆಂಕಿಯ ಹೊಳೆ ಮೇಲೆ ಕಲ್ಲಾಗಿ, ಒಳಗಿನದು ಹರಿದುಹೋಗಿ ಉಳಿದ ಉದ್ದನೆಯ ಸುರಂಗ. ಕಪ್ಪು ಗೋಡೆಯ ಮೇಲೆ ಬೆಂಕಿ ಇಳಿಯುತ್ತ ಹೋದ ಗೆರೆಗಳು, ಮೇಲಿನಿಂದ ಮೇಣದಂತೆ ಇಳಿದು ನಿಂತ ಕಲ್ಲಿನ ಹನಿಗಳು... ಪೂರ್ತಿ ಕತ್ತಲು ಹೇಗಿರುತ್ತದೆಂದು ತೋರಿಸಲು, ಕರೆದೊಯ್ದವನು ಎಲ್ಲರಿಗೂ ದೀಪ ಆರಿಸಲು ಹೇಳಿದನಂತೆ.

"ಆಗ ಯಾರೋ ನನ್ ಕೈ ಹಿಡ್ಕಂಡ್ರ್," ಅಂದರು ಅಣ್ಣಯ್ಯ. "ಸಣ್ಣ ಕೈ. ನಡುಗ್ತಿತ್ತ್. ನಾ ಕೊಡವಿ ಬಿಡ್ಸ್ಕಂಡೆ. ದೀಪ ಹಾಕಿರೆ ಹತ್ರ ಯಾರೂ ಇಲ್ಲ."

"ಎಂತದೋ ಭ್ರಮೆ ಆಯ್ಕ್," ಅಂದರು ಅತ್ತಿಗೆ.

"ಅಲ್ಲ. ಅದ್ ನಂಗಿಂತ ಹೆಚ್ಚ್ ಹೆದ್ರಿತ್ತ್. ನಾ ಅದನ್ನ್ ಅಲ್ಲೇ ಬಿಟ್ಟ್ ಬಂದೆ."

ಕಿರಿಮಂಜೇಶ್ವರದ ಆಚೆ ಗುಡ್ಡದಲ್ಲೊಂದು ಕೆಂಪು ಮುರಕಲ್ಲಿನ ಗುಹೆ ಇದೆಯೆಂದು ಆಮೇಲೊಮ್ಮೆ ಮಾತಿಗೆ ಹೇಳಿದೆ. ಕರೆದುಕೊಂಡು ಹೋಗು ಎಂದು ಬೆನ್ನುಹತ್ತಿದರು. ಅದು ನೀರು ಕೊರೆದದ್ದು, ನಿಮ್ಮ ದ್ವೀಪಕ್ಕೂ ಇದಕ್ಕೂ ಎಂತ ಸಂಬಂಧ ಎಂದು ಕೇಳಿದೆ.

"ಕತ್ಲಿ ಎಲ್ಲಾ ಕಡೆ ಒಂದೇ ಅಲ್ದಾ, ಮಾರಾಯ್ತಿ?"

ಒಂದು ಬೆಳಿಗ್ಗೆ ನನ್ನ ಸ್ಕೂಟರಿನಲ್ಲೇ ಹೋದೆವು. ಗುಹೆಯ ಮೊದಲ ತಿರುವು ದಾಟುತ್ತಿದ್ದಂತೆ ಹೊರಗಿನ ಬೆಳಕು ಕೆಂಪಾಗಿ, ಮತ್ತೆ ಇಲ್ಲವಾಯಿತು. ಕಾಲಡಿ ಜಾರುವ ಮಣ್ಣು. ತಲೆಯ ಮೇಲೆ ಬಾವಲಿಗಳ ಪಿಸುಗುಟ್ಟುವಿಕೆ. ಅಣ್ಣಯ್ಯ ನಿಂತರು, ಟಾರ್ಚ್ ಆರಿಸಲು ಹೇಳಿದರು. ಆರಿಸಿದೆ. ನನ್ನ ಕೈ ನನಗೇ ಕಾಣಲಿಲ್ಲ. ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಎಂದು ಮುಟ್ಟಿ ನೋಡಿಕೊಂಡೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ...

"ಹೋಪ, ಬಾ," ಅಂದರು ಅಣ್ಣಯ್ಯ, ಬಹಳ ಮೆಲ್ಲಗೆ.

"ಇಲ್ಲೇ ಇದ್ದೆ, ಅಣ್ಣಯ್ಯ."

"ನಿಂಗೆ ಹೇಳ್ದದ್ದಲ್ಲ."

ಟಾರ್ಚ್ ಹಾಕಿದೆ. ಅವರ ಬಲಗೈ ಸೊಂಟದ ಎತ್ತರದಲ್ಲಿ ಅರ್ಧ ಮುಚ್ಚಿತ್ತು. ಹಾಗೇ ಹೊರಗಿನ ಕಡೆ ನಡೆದರು, ಪುಟ್ಟ ಹೆಜ್ಜೆಗೆ ತಮ್ಮ ಹೆಜ್ಜೆ ಹೊಂದಿಸುವವರ ಹಾಗೆ. ಜಾರುವಲ್ಲಿ ನಿಂತು ಕಾದರು. ನಾನು ಬೆಳಕನ್ನು ಅವರ ಬೆನ್ನ ಮೇಲಷ್ಟೇ ಹಿಡಿದೆ. ಪಕ್ಕಕ್ಕೆ ತಿರುಗಿಸಲು ಧೈರ್ಯ ಬರಲಿಲ್ಲ.

ಬಿಸಿಲಿಗೆ ಬಂದು ಕಲ್ಲಿನ ಮೇಲೆ ಕೂತು ಅತ್ತರು, ಸದ್ದಿಲ್ಲದೆ. ವಾಪಸು ಬರುವಾಗ ಸ್ಕೂಟರಿನಲ್ಲಿ ನನ್ನ ಹಿಂದೆ ಕೂತವರು, ನಮ್ಮಿಬ್ಬರ ನಡುವೆ ಒಂದಿಷ್ಟು ಜಾಗ ಬಿಟ್ಟಿದ್ದರು. ಅಂದಿನಿಂದ ದೀಪ ಆರಿಸಿಯೇ ಮಲಗುತ್ತಿದ್ದರು, ಅತ್ತಿಗೆಯ ಕೈ ಹಿಡಿದು ಮಾತಾಡುತ್ತಿದ್ದರು. ನಾವು ಕೋಟಕ್ಕೆ ಬಂದ ಮೇಲೆ, ಹೋದ ಮಳೆಗಾಲದಲ್ಲಿ, ಎದೆನೋವೆಂದು ಮಲಗಿದವರು ಏಳಲಿಲ್ಲ.

ಬಾವಿಯ ಕೆಲಸ ಮುಗಿದ ಮರುದಿನ ತೆಕ್ಕಟ್ಟೆಗೆ ಹೋದೆ. ಅತ್ತಿಗೆ ಊಟಕ್ಕೆ ನಿಲ್ಲಿಸಿಕೊಂಡರು. ನಮ್ಮಿಬ್ಬರ ಮಣೆ ಹಾಕಿ, ಗೋಡೆಯ ಬದಿಗೆ ಮತ್ತೊಂದು ಪುಟ್ಟ ಮಣೆ ಇಟ್ಟರು. ಯಾರಾದರೂ ಬರುವವರಿದ್ದಾರಾ ಎಂದು ಕೇಳಿದೆ.

"ಇಲ್ಲ. ಗುಹೆಗ್ ಹೋಯ್ ಬಂದ್ ದಿನದಿಂದ ಅವ್ರೇ ಹಾಕ್ತಿದ್ರ್, ಅವ್ರ ಬಲಬದಿಗೆ. ಯಾರಿಗೆ ಅಂತ ನಾ ಕೇಂಡದ್ದಿಲ್ಲ," ಅಂದರು. ನನಗೆ ಅನ್ನ ಬಡಿಸಿದರು. "ಅವ್ರ್ ಹೋದ್ರ್. ಅದೂ ಹೋಯ್ತಾ ಇಲ್ಯಾ, ನಂಗ್ ಗೊತ್ತಿಲ್ಲ."

ಅಣ್ಣಯ್ಯ ಕೂರುತ್ತಿದ್ದ ಜಾಗ ಬರೀ ನೆಲ. ಅದರ ಬಲಕ್ಕೆ ಆ ಪುಟ್ಟ ಮಣೆ ಇತ್ತು. ನಾನು ಅದಕ್ಕೆ ತಾಗದಂತೆ ಸೀರೆ ಒತ್ತಿಕೊಂಡು ಕೂತು ಊಟ ಮಾಡಿದೆ.