ಅರಿಸಿನ ಹಚ್ಚಿದ ಮಿಂಚಂಚೆ

ಮಲ್ಲಿಕಾರ್ಜುನಸ್ವಾಮಿ ಮಗಳ ನಾಮಕರಣಕ್ಕೆ ಊರವರನ್ನು ಕರೆದದ್ದು ಮಿಂಚಂಚೆಯಲ್ಲಿ. ಶುಭಕಾರ್ಯವೆಂದು ಅದರ ಅಂಚಿಗೆಲ್ಲ ಅರಿಸಿನದ ಬಣ್ಣ ಬಳಿದಿದ್ದ. ಕಳಿಸಿದ್ದಷ್ಟೂ ಸುಳ್ಳು ಪತ್ರಗಳನ್ನು ತಳ್ಳುವ ಸ್ಪ್ಯಾಮಿಗೆ ಬಿದ್ದು, ಯಾರೂ ಬಾರದೆ ಪಾಯಸ ಮಿಕ್ಕಿತು. ಅಂದಿನಿಂದ ಅವನ ಗುಂಡ್ಲುಪೇಟೆಯ ಸೈಬರ್ ಸೆಂಟರಿನಲ್ಲಿ ಯಾರು ಕೂತರೂ ಮೊದಲು ಸ್ಪ್ಯಾಮನ್ನೇ ತೆರೆಸುತ್ತಾನೆ. ಸಾಚಾ ಪತ್ರ ಸಿಕ್ಕರೆ, ಜೈಲಿನಿಂದ ಬಿಡಿಸಿದವನಂತೆ, “ತಪ್ಪು ತಿಳ್ಕಬ್ಯಾಡಿ ಸ್ವಾಮಿ” ಎಂದು ಅದಕ್ಕೇ ಕೈಮುಗಿಯುತ್ತಾನೆ. ಟೀಚರ್ ಕೆಲಸದ ಉತ್ತರಕ್ಕೆ ಕಾದು ಸೊರಗಿದ್ದ ಬೇಗೂರಿನ ನೀಲಾವತಿಗೂ ಇವತ್ತು ಸ್ಪ್ಯಾಮಿನಲ್ಲೇ ಚಾಮರಾಜನಗರದ ಶಾಲೆಯ ಕರೆ ಸಿಕ್ಕಿತು, ಸಂದರ್ಶನ ನಾಳೆಯೇ. ಅವಳಿಗೆ ಹೋದ ಉಸಿರು ಬಂತು. ಅವನು ಮಾತ್ರ ಅದರ ಕೆಳಗಿದ್ದ, ಲಾಟರಿ ಹೊಡೆದಿದೆ ಎನ್ನುವ ಪತ್ರಗಳನ್ನು ಒಂದೊಂದಾಗಿ ಓದುತ್ತಲೇ ಇದ್ದ. “ಕರೆ ಸಿಕ್ತಲ್ಲಣ್ಣ, ಇನ್ನೂ ಏನ್ ಹುಡುಕ್ತಿದ್ದೀಯ?” ಎಂದಳು. “ನಿನ್ ಕಾಗ್ದಾನೂ ಸುಳ್ಳು ಅಂತ್ಲೇ ತಾನೆ ಇಲ್ಲಿಗೆ ಎಸ್ದಿದ್ದು? ಲಾಟ್ರೀಲೂ ಒಂದು ನಿಜ ಇದ್ಬುಟ್ರೆ ಏನಮ್ಮಿ ಮಾಡಾದು?”